ಹಿಂದಿನ ಸಾಲಿನಿಂದ ಓಗೊಟ್ಟವರು

ಪಟ್ಟಿಯನ್ನು ಮೂರು ಸಲ ಓದಿದೆ. ಮೇಲಿನಿಂದ ಕೆಳಕ್ಕೆ ಒಮ್ಮೆ, ಕೆಳಗಿನಿಂದ ಮೇಲಕ್ಕೆ ಒಮ್ಮೆ, ಆಮೇಲೆ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟುಕೊಂಡು. ವರ್ಷದ ನಾಟಕ ಪ್ರಶಸ್ತಿಗೆ ಹದಿನಾಲ್ಕು ವಿಭಾಗ, ವಿಭಾಗಕ್ಕೆ ಐದು ಹೆಸರು. ಆ ಎಪ್ಪತ್ತರಲ್ಲಿ ನಮ್ಮ ‘ದೋಣಿಯಮ್ಮ’ ಎಲ್ಲೂ ಇಲ್ಲ. ಸಂಗೀತಕ್ಕಿಲ್ಲ, ಬೆಳಕಿಗಿಲ್ಲ, ಉಡುಪಿಗಿಲ್ಲ. ಅತ್ಯುತ್ತಮ ಗಾಯಕ ನಟಿ ಎನ್ನುವ ಕಡೆ ನನ್ನ ನಾದಿನಿಯ ಹೆಸರೂ ಇಲ್ಲ. ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿ ಕತ್ತರಿ ಇತ್ತು, ಎದುರಿಗೆ ಗಿರಾಕಿಯೊಬ್ಬರ ಕೋಟಿನ ಬಟ್ಟೆ ಹರಡಿತ್ತು. ಆ ಬಟ್ಟೆಯ ಪುಣ್ಯ, ಕತ್ತರಿ ಕೆಳಗಿಟ್ಟೆ.

ನಾನು ಹೊಲಿಗೆಯವಳು. ಜಗಳಗಂಟಿ ಅಂತಲೂ ಹೆಸರಿದೆ, ಇರಲಿ. ನಾದಿನಿ ಎಂದರೆ ನನ್ನ ಗಂಡನ ತಂಗಿ. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಅವಳು ಒಂಬತ್ತು ವರ್ಷದ, ತಾಯಿಯಿಲ್ಲದ ಹುಡುಗಿ. ಜಡೆ ಹೆಣೆದವಳೂ ನಾನೇ, ಬೆನ್ನಿಗೆರಡು ಬಿಟ್ಟವಳೂ ನಾನೇ. ಹತ್ತೊಂಬತ್ತು ವರ್ಷ ಅವಳು ನಾಟಕ ಕಂಪನಿಯ ಮೇಳದಲ್ಲಿ ಹಿಂದೆ ನಿಂತು ಹಾಡಿದಳು. ಒಂದು ನಾಟಕದಲ್ಲಿ ಮರವಾಗಿದ್ದಳು, ಇನ್ನೊಂದರಲ್ಲಿ ಸತ್ತವರ ಗುಂಪಿನಲ್ಲಿ ಮಲಗಿದ್ದಳು. ನಲವತ್ತೆರಡನೆಯ ವಯಸ್ಸಿಗೆ ಮೊದಲ ಸಲ ಮುಖ್ಯ ಪಾತ್ರ ಸಿಕ್ಕಿತು. ಪ್ರಶಸ್ತಿಯವರು ಒಂದು ನಾಟಕವನ್ನು ಅದರ ಮೊದಲ ವರ್ಷದಲ್ಲಿ ಮಾತ್ರ ನೋಡುತ್ತಾರೆ. ಕಂಪನಿ ಮುಂದಿನ ನಾಟಕಕ್ಕೆ ಇಪ್ಪತ್ತೈದರ ಹುಡುಗಿಯೊಬ್ಬಳನ್ನು ಆಗಲೇ ಗೊತ್ತುಮಾಡಿತ್ತು. ಈ ಪಟ್ಟಿಯಲ್ಲಿ ಹೆಸರು ಬಾರದಿದ್ದರೆ ಇವಳು ಮತ್ತೆ ಮರವೇ.

ಸಂಜೆ ನನ್ನ ಅಂಗಡಿಯಲ್ಲಿ ಸಭೆ ಸೇರಿತು. ಸಭೆ ಎಂದರೆ ಮೂರೇ ಜನ. ‘ದೋಣಿಯಮ್ಮ’ನನ್ನು ಹಿಂದಿನ ಸಾಲಿನಲ್ಲಿ ಕುಳಿತು ನಲವತ್ತೊಂದು ಸಲ ನೋಡಿದವರು: ನಾನು, ನಿವೃತ್ತ ಲೆಕ್ಕದ ಮೇಷ್ಟ್ರು, ಮತ್ತು ಬಸ್ ಕಂಡಕ್ಟರು. ಕಂಡಕ್ಟರನ್ನು ನಾವು ಗಂಟಲು ಎಂದೇ ಕರೆಯುತ್ತಿದ್ದೆವು. ಅವನು ಪಿಸುಗುಟ್ಟಿದರೆ ಎದುರು ರಸ್ತೆಯವರು ಕಿಟಕಿ ತೆಗೆಯುತ್ತಾರೆ.

“ದುಡ್ಡು ತಿಂದಿದಾರೆ ಅಕ್ಕಾ, ಬರೆದಿಟ್ಕೊಳ್ಳಿ,” ಎಂದ ಗಂಟಲು.

“ಪುರಾವೆ ಇಲ್ದೆ ಮಾತಾಡ್ಬಾರ್ದಪ್ಪ,” ಎಂದರು ಮೇಷ್ಟ್ರು. “ನನ್ ಪ್ರಕಾರ ಅವರಿಗೆ ಹಾಡು ಇರೋ ನಾಟಕ ಅಂದ್ರೇ ಅಸಡ್ಡೆ. ಹಾಡು ಬಂದ್ರೆ ಅದು ಮನರಂಜನೆ, ಅಳು ಬಂದ್ರೆ ಕಲೆ.”

“ಇದರಲ್ಲೂ ಅಳು ಬರತ್ತಲ್ಲ ಸಾರ್!”

“ಎಲ್ಲಿ ಬರತ್ತಪ್ಪ? ಕೊನೇಲಿ ನೀನು ಕೂಗಿ ನಗಿಸಿಬಿಡ್ತೀಯಲ್ಲ.”

ಆ ಕೂಗಿನ ಕಥೆ ಹೇಳಬೇಕು. ದೋಣಿಯಮ್ಮ ಹೊಳೆ ದಾಟಿಸುವವಳು. ದಿನವೂ ಈ ದಡದಲ್ಲಿ ನಿಂತು “ಆ ದಡದಲ್ಲಿ ಯಾರಾದರೂ ಇದ್ದೀರಾ?” ಎಂದು ಹಾಡಿನಲ್ಲಿ ಕರೆಯುತ್ತಾಳೆ, ಜನ ಓಗೊಡುತ್ತಾರೆ, ಹೋಗಿ ಕರೆತರುತ್ತಾಳೆ. ಕಡೆಗೆ ಸೇತುವೆ ಬರುತ್ತದೆ. ಕೊನೆಯ ದೃಶ್ಯದಲ್ಲಿ ವಾದ್ಯಗಳೆಲ್ಲ ನಿಂತು ಅವಳೊಬ್ಬಳೇ ಕರೆಯುತ್ತಾಳೆ. ಆಮೇಲೆ ಒಂದೇ ಒಂದು ಸಾಲು ಹಾಡಿ ದೋಣಿಯ ಹಗ್ಗ ಬಿಚ್ಚಿಬಿಡುತ್ತಾಳೆ. ನಾಲ್ಕನೆಯ ವಾರದಲ್ಲಿ ಒಂದು ದಿನ ಆ ಕರೆಗೆ ಗಂಟಲು ತಡೆಯಲಾರದೆ “ಇದ್ದೀವಿ!” ಎಂದುಬಿಟ್ಟ. ಸಭೆ ನಕ್ಕಿತು, ಚಪ್ಪಾಳೆ ಹೊಡೆಯಿತು. ಮರುದಿನ ಅವನ ಜೊತೆ ನಾವೂ ಸೇರಿದೆವು. ತಿಂಗಳೊಳಗೆ ಹಿಂದಿನ ಹತ್ತು ಸಾಲು, ಆಮೇಲೆ ಇಡೀ ಸಭಾಂಗಣ. ಜನ ಅದಕ್ಕೆಂದೇ ಬರತೊಡಗಿದರು. ನನಗಂತೂ ಎದೆ ಉಬ್ಬಿಹೋಗಿತ್ತು, ನನ್ನ ನಾದಿನಿಗೆ ಆರು ನೂರು ಜನ ಓಗೊಡುತ್ತಿದ್ದಾರೆ ಎಂದು.

ಮೇಷ್ಟ್ರು ಅರ್ಜಿ ಬರೆದರು. ‘ಪ್ರೇಕ್ಷಕರೇ ಪಾತ್ರಕ್ಕೆ ಉತ್ತರ ಕೊಡುವಂಥ ಇನ್ನೊಂದು ನಾಟಕವಿದ್ದರೆ ತೋರಿಸಿ’ ಎಂಬ ಸಾಲನ್ನು ನಾನೇ ಹೇಳಿ ಬರೆಸಿದೆ. ಎರಡು ದಿನದಲ್ಲಿ ಮುನ್ನೂರ ನಲವತ್ತು ಸಹಿ ಬಿತ್ತು. ಅದರಲ್ಲಿ ನೂರಿಪ್ಪತ್ತು ಗಂಟಲಿನ ಬಸ್ಸಿನಲ್ಲೇ ಆದದ್ದು. ಇಳಿಯುವ ಬಾಗಿಲಿಗೆ ಅಡ್ಡ ನಿಂತಿದ್ದನಂತೆ, ಸಹಿ ಹಾಕದೆ ಯಾರು ಇಳಿದಾರು?

ಪ್ರಶಸ್ತಿಯವರ ಕಚೇರಿಗೆ ಮೂವರೂ ಹೋದೆವು. ಮೆಟ್ಟಿಲು ಹತ್ತಿ ಮೂರನೆಯ ಮಹಡಿ, ಕಿಟಕಿಯಿಲ್ಲದ ಕೋಣೆ, ಗೋಡೆಗೆ ಕಡತಗಳು. ಕಾರ್ಯದರ್ಶಿ ಕನ್ನಡಕದ ಹೆಂಗಸು, ನನ್ನದೇ ವಯಸ್ಸು. ನಾನು ಅರ್ಜಿಯನ್ನು ಮೇಜಿನ ಮೇಲೆ ಕುಕ್ಕಿ, ಬಾಯಿಗೆ ಬಂದದ್ದೆಲ್ಲ ಅಂದೆ. ಹೊಟ್ಟೆಕಿಚ್ಚಿನವರು ಅಂದೆ, ಕಿವಿಯಿಲ್ಲದವರು ಅಂದೆ, ಮೇಜನ್ನೂ ಬಡಿದೆ.

ಆಕೆ ಕೊನೆಯವರೆಗೂ ಕೇಳಿಸಿಕೊಂಡರು. “ತೀರ್ಪುಗಾರರು ಬರೆದದ್ದನ್ನ ಹೊರಗಿನವರಿಗೆ ತೋರಿಸಬಾರ್ದು. ನೀವು ಮೇಜು ಬಡಿಯೋದು ನಿಲ್ಲಿಸ್ತೀರಿ ಅಂದ್ರೆ ಎರಡು ಸಾಲು ಓದಿ ಹೇಳ್ತೀನಿ,” ಎಂದರು.

ನಿಲ್ಲಿಸಿದೆ. ಆಕೆ ಕಡತ ತೆಗೆದು ಓದಿದರು. “‘ಕೊನೆಯ ದೃಶ್ಯವನ್ನು ಪ್ರೇಕ್ಷಕರ ಗದ್ದಲಕ್ಕೆ ಬಿಟ್ಟುಕೊಡಲಾಗಿದೆ. ಒಂಟಿತನದ ಕಥೆ ತಮಾಷೆಯಲ್ಲಿ ಮುಗಿಯುತ್ತದೆ. ಕೊನೆಯ ಸಾಲು ಕೇಳಿಸಲೇ ಇಲ್ಲವಾದ್ದರಿಂದ ಮುಖ್ಯ ನಟಿಯ ಬಗ್ಗೆ ಏನೂ ಹೇಳಲಾಗುವುದಿಲ್ಲ.’”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗಂಟಲು ತನ್ನ ಗಂಟಲನ್ನೇ ಮುಟ್ಟಿಕೊಂಡ. ಮೇಷ್ಟ್ರು ನೆಲ ನೋಡಿದರು. ನನ್ನ ಮುಂದೆ ಮುನ್ನೂರ ನಲವತ್ತು ಸಹಿಯ ಕಾಗದವಿತ್ತು, ಅದರಲ್ಲಿ ನಾನೇ ಬರೆಸಿದ ಆ ಸಾಲು. ಊರವರನ್ನೆಲ್ಲ ಬೈದು ಬಂದೆ, ಮನೆಗೆ ಬೆಂಕಿ ಇಟ್ಟವಳು ನಾನೇ. ನಾಚಿಕೆ ಎಂದರೆ ಏನೆಂದು ಐವತ್ತೈದನೆಯ ವಯಸ್ಸಿಗೆ ಗೊತ್ತಾಯಿತು.

ಮೇಷ್ಟ್ರೇ ಮೊದಲು ಬಾಯಿ ಬಿಟ್ಟಿದ್ದು. “ಅಮ್ಮಾ, ನಿಮ್ಮ ನಿಯಮಾವಳಿ ಓದ್ಕೊಂಡೇ ಬಂದಿದೀನಿ. ಹನ್ನೊಂದನೇದು. ಕಂಪನಿಯದಲ್ಲದ ಕಾರಣಕ್ಕೆ ಆಟ ಕೆಟ್ಟಿದ್ರೆ, ಪಟ್ಟಿ ಬಂದ ವಾರದೊಳಗೆ ಇನ್ನೊಂದ್ಸಲ ನೋಡಿ ಅಂತ ಕೇಳಬಹುದು.”

“ಕೇಳಬಹುದು. ಕೆಡಿಸಿದ್ದು ಯಾರು, ಏನು ಅಂತ ರುಜುವಾತು ಬೇಕು. ಇಲ್ಲೀತನಕ ಬಂದವರೆಲ್ಲ ಕರೆಂಟ್ ಹೋಯ್ತು ಅಂತ ಬಂದಿದಾರೆ.”

“ಕಾಗದ ಕೊಡಿ,” ಎಂದೆ. ಅರ್ಜಿಯನ್ನು ನಾಲ್ಕಾಗಿ ಹರಿದು ಚೀಲಕ್ಕೆ ಹಾಕಿಕೊಂಡೆ. ಅಲ್ಲೇ ನಿಂತು ಬರೆದೆ: ಕೆಡಿಸಿದವರು ನಾವು. ನಟಿಯ ತಪ್ಪಿಲ್ಲ, ಕಂಪನಿಯ ತಪ್ಪಿಲ್ಲ. ಶುರು ಮಾಡಿದವರ ಹೆಸರು ಕೆಳಗಿದೆ. ಮೂವರೂ ಸಹಿ ಹಾಕಿದೆವು. ಕಾರ್ಯದರ್ಶಿ ಅದನ್ನು ಎರಡು ಸಲ ಓದಿ, “ನಾವೇ ಹಾಳು ಮಾಡಿದ್ವಿ ಅಂತ ಬರೆದುಕೊಟ್ಟವರು ನೀವೇ ಮೊದಲು,” ಎಂದರು. ನಗಲಿಲ್ಲ. ಮುಂದಿನ ಗುರುವಾರದ ಸಂಜೆಯ ಆಟಕ್ಕೆ ತೀರ್ಪುಗಾರರನ್ನು ಕಳಿಸುವುದಾಗಿ ಮರುದಿನವೇ ಚೀಟಿ ಬಂತು.

ಆ ಸಂಜೆ ನಾದಿನಿಯ ಮನೆಗೆ ಹೋದೆ. ಅವಳು ಅಡಿಗೆಮನೆಯಲ್ಲಿ ನಿಂತು ಬಿಸಿನೀರು ಕುಡಿಯುತ್ತಿದ್ದಳು.

“ನಾವು ಕೂಗೋದು ನಿನಗೆ ಬೇಕಿರ್ಲಿಲ್ಲ. ಹೌದೋ ಅಲ್ವೋ?”

ಅವಳು ಲೋಟ ಕೆಳಗಿಟ್ಟಳು. “ಹೌದು ಅತ್ತಿಗೆ.”

“ಮತ್ತೆ ಹೇಳೋಕೇನೇ ಧಾಡಿ ನಿನಗೆ? ಬಾಯಲ್ಲಿ ಏನಿಟ್ಕೊಂಡಿದ್ದೆ?”

“ನಾನು ಮರ ಆಗಿ ನಿಂತಾಗಲೂ ನೀವು ಚಪ್ಪಾಳೆ ಹೊಡೆದಿದೀರಿ. ಇಡೀ ಹಾಲ್‌ನಲ್ಲಿ ನೀವೊಬ್ರೇ. ನಿಮಗೆ ಸುಮ್ನಿರಿ ಅಂತ ಯಾವ ಬಾಯಲ್ಲಿ ಹೇಳ್ಲಿ?” “ಅಲ್ಲಿ ಯಾರೂ ಇರಬಾರ್ದು ಅತ್ತಿಗೆ. ಕರೆದು ಹನ್ನೆರಡು ಎಣಿಸೋವರೆಗೂ ಕಾಯ್ಬೇಕು. ನನ್ನ ಪಾತ್ರ ಇರೋದೇ ಆ ಹನ್ನೆರಡರಲ್ಲಿ. ಆರು ತಿಂಗಳಿಂದ ಒಂದು ದಿನಾನೂ ನನಗೆ ಮೂರು ದಾಟಿಲ್ಲ.”

ಪ್ರೀತಿಯಿಂದ ಕತ್ತು ಹಿಸುಕುವುದು ಎನ್ನುತ್ತಾರಲ್ಲ, ಅದನ್ನು ಆರು ತಿಂಗಳು ಟಿಕೆಟ್ ಕೊಂಡು ಮಾಡಿದ್ದೆ. “ಗುರುವಾರ ನಿನಗೆ ಹನ್ನೆರಡೂ ಸಿಗತ್ತೆ. ಸಿಗದಿದ್ರೆ ನನ್ನ ಹೆಸರು ಬದಲಾಯಿಸು,” ಎಂದು ಹೇಳಿ ಬಂದೆ.

ಹೇಳುವುದೇನೋ ಸುಲಭ. ಕಲಿಸಿದ ಚಟವನ್ನು ಬಿಡಿಸುವುದಿದೆಯಲ್ಲ, ಬಿಗಿಯಾಗಿ ಹೊಲಿದದ್ದನ್ನು ಬಿಚ್ಚಿದ ಹಾಗೆ, ಹೊಲಿಯುವುದಕ್ಕಿಂತ ಎರಡು ಪಟ್ಟು ಕೆಲಸ. ಸೋಮವಾರದಿಂದಲೇ ಬಾಗಿಲಲ್ಲಿ ನಿಂತೆವು. ಮೇಷ್ಟ್ರು ದಪ್ಪಕ್ಷರದ ಫಲಕ ಹಿಡಿದರು: ‘ಕೊನೆಯ ಕರೆಗೆ ದಯವಿಟ್ಟು ಯಾರೂ ಉತ್ತರಿಸಬೇಡಿ.’ ಜನ ಜಗಳಕ್ಕೇ ಬಂದರು.

“ಅದಕ್ಕೇ ಅಲ್ವೇನ್ರೀ ನಾವು ಬರೋದು? ನೀವೇ ತಾನೇ ಶುರು ಮಾಡಿದ್ದು?” ಎಂದ ಒಬ್ಬ.

“ನಾವೇ. ಅದಕ್ಕೇ ಇಲ್ಲಿ ನಿಂತು ಕೈ ಮುಗೀತಿದೀವಿ,” ಎಂದೆ. ನಾನು ಕೈ ಮುಗಿದದ್ದನ್ನು ನನ್ನ ಗಂಡನೂ ನೋಡಿದವನಲ್ಲ.

ಸೋಮವಾರ ಅರ್ಧ ಸಭಾಂಗಣ ಕೂಗಿತು. ಮಂಗಳವಾರ ಹತ್ತಿಪ್ಪತ್ತು ಜನ, ಅವರಲ್ಲಿ ಗಂಟಲೂ ಒಬ್ಬ! “ಅಭ್ಯಾಸ ಅಕ್ಕಾ, ತಾನಾಗೇ ಬಂದ್ಬಿಡ್ತು,” ಎಂದು ತಲೆ ಕೆರೆದುಕೊಂಡ. ಅವನಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವಂತಿಲ್ಲ. ಬುಧವಾರ ವಿರಾಮದ ಹೊತ್ತಿಗೆ ನಾನು ಪ್ರತಿ ಸಾಲಿಗೂ ಹೋದೆ. ಸಾಲಿನ ತುದಿಯಲ್ಲಿ ನಿಂತು, ಅವಳು ಹತ್ತೊಂಬತ್ತು ವರ್ಷ ಹಿಂದೆ ನಿಂತದ್ದನ್ನು ಹೇಳಿದೆ, ನಾವು ಅವಳ ಹನ್ನೆರಡನ್ನು ಕದ್ದದ್ದನ್ನು ಹೇಳಿದೆ. ಒಬ್ಬ ಮುದುಕಿ ನನ್ನ ಕೈ ಹಿಡಿದು, “ನೀನು ಹೋಗಮ್ಮ, ಈ ಸಾಲು ನನಗಿರ್ಲಿ,” ಎಂದಳು. ಅವತ್ತು ಒಬ್ಬನೇ ಕೂಗಿದ್ದು.

ಗುರುವಾರ ಸಭಾಂಗಣ ತುಂಬಿತ್ತು. ಮೂರನೆಯ ಸಾಲಿನಲ್ಲಿ ಮೂವರು ಅಪರಿಚಿತರ ಪಕ್ಕ ಕನ್ನಡಕದ ಕಾರ್ಯದರ್ಶಿ. ಗಂಟಲು ತನ್ನ ಕರವಸ್ತ್ರವನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು ಕುಳಿತ. ಕೊನೆಯ ದೃಶ್ಯ ಬಂತು. ವಾದ್ಯಗಳು ನಿಂತವು.

“ಆ ದಡದಲ್ಲಿ ಯಾರಾದರೂ ಇದ್ದೀರಾ?”

ಒಂದು. ಎರಡು. ಮೂರು. ಯಾರೂ ಉಸಿರೆತ್ತಲಿಲ್ಲ. ನಾಲ್ಕಕ್ಕೆ ಅವಳು ಕತ್ತು ನೀಳಮಾಡಿ ನಮ್ಮ ಕಡೆಯ ಕತ್ತಲೆಯನ್ನು ನೋಡಿದಳು. ಏಳಕ್ಕೆ ಅವಳ ಮುಖದಲ್ಲಿದ್ದ ಸಣ್ಣ ನಗು ಹೋಯಿತು. ಹತ್ತಕ್ಕೆ ಅವಳು ಒಂಬತ್ತು ವರ್ಷದ ಹುಡುಗಿಯ ಹಾಗೆ ಕಂಡಳು, ಬಾಗಿಲಲ್ಲಿ ನಿಂತು ದಾರಿ ನೋಡುವವಳ ಹಾಗೆ. ಓ ಎನ್ನಬೇಕೆಂದು ನನ್ನ ಗಂಟಲಿಗೆ ಬಂದದ್ದನ್ನು ಎರಡೂ ಕೈಯಿಂದ ಬಾಯಿ ಮುಚ್ಚಿ ನುಂಗಿದೆ. ಅಷ್ಟು ಸಲ ನೋಡಿದ ನಾಟಕ. ಅದು ಇಂಥ ನಾಟಕ ಎಂದು ಗೊತ್ತೇ ಇರಲಿಲ್ಲ. ಹನ್ನೆರಡು ದಾಟಿತು, ಅವಳು ಹಾಡಲಿಲ್ಲ. ಹದಿನೇಳಾದ ಮೇಲೆ ಕೊನೆಯ ಸಾಲು ಬಂತು, ಉಸಿರಿಗಿಂತ ಸ್ವಲ್ಪವೇ ದೊಡ್ಡ ದನಿಯಲ್ಲಿ. ಆರು ನೂರು ಜನಕ್ಕೂ ಅದು ಕೇಳಿಸಿತು.

ಪಟ್ಟಿಯ ವಿಷಯ ಈಗಲೇ ಹೇಳಿಬಿಡುತ್ತೇನೆ, ಕಾಯಿಸುವುದು ನನ್ನ ಜಾಯಮಾನವಲ್ಲ. ಮುಂದಿನ ಸೋಮವಾರ ತಿದ್ದಿದ ಪಟ್ಟಿ ಬಂತು. ನಾಟಕಕ್ಕೆ ಏನೂ ಇಲ್ಲ, ಗಾಯಕ ನಟಿಯರ ಕೆಳಗೆ ಆರನೆಯದಾಗಿ ಅವಳ ಹೆಸರು ಸೇರಿಸಿದ್ದರು. ಆದರೆ ಆ ಗುರುವಾರ ನಮಗೆ ಅದು ಗೊತ್ತಿರಲಿಲ್ಲ. ಪರದೆ ಬಿದ್ದದ್ದೇ ನಾನು ಬಣ್ಣದ ಕೋಣೆಗೆ ಓಡಿದೆ.

ಅವಳು ಬಣ್ಣವನ್ನೂ ಒರೆಸದೆ ಕುರ್ಚಿಯಲ್ಲಿ ಕುಳಿತಿದ್ದಳು. ನನ್ನನ್ನು ಕಂಡದ್ದೇ ಕಣ್ಣು ತುಂಬಿಕೊಂಡಳು.

“ಈಗ ಬಂದ್ರಾ ಅತ್ತಿಗೆ?”

“ಈಗೇನೇ? ಮೊದಲಿಂದಲೂ ಅಲ್ಲೇ ಕೂತಿದ್ದೆ.”

“ಸುಳ್ಳು ಹೇಳ್ಬೇಡಿ. ನಾನು ಹಿಂದಿನ ಸಾಲು ನೋಡಿದೆ, ಒಂದು ಕೆಮ್ಮೂ ಇಲ್ಲ. ನನ್ನ ಮಾತಿಗೆ ನೊಂದ್ಕೊಂಡು ಬರಲೇ ಇಲ್ಲ ಅಂದ್ಕೊಂಡೆ. ಆಮೇಲೆ ಹಾಡೋಕೆ ಬಾಯೇ ಬರ್ಲಿಲ್ಲ.”

“ಅದಕ್ಕೇನಾ ಹದಿನೇಳು ಎಣಿಸಿದ್ದು?”

“ಎಣಿಸಲೇ ಇಲ್ಲ ಅತ್ತಿಗೆ. ನಿಮಗೆ ಕಾಯ್ತಾ ಇದ್ದೆ.”

ಬಣ್ಣ ಒರೆಸುವ ಬಟ್ಟೆ ತೆಗೆದುಕೊಂಡು ಅವಳ ಗಲ್ಲ ಹಿಡಿದು ಮುಖವನ್ನು ನನ್ನ ಕಡೆ ತಿರುಗಿಸಿದೆ.

“ನಾಳೆನೂ ಹಾಗೇ ಕಾಯ್ಬೇಕು,” ಎಂದೆ. “ನಾಳೆನೂ ನಾನು ಉಸಿರೆತ್ತಲ್ಲ.”