ಅಜ್ಜಿಯ ಚಾಪೆ, ತಾತನ ಸೊಂಟ

ಒಂದು ನಿಮಿಷ ಇಲ್ಲಿ ಕೇಳಿ, ಆಮೇಲೆ ಬೇಕಾದರೆ ನನ್ನನ್ನು ಬೈಯಿರಿ. ನಮ್ಮಜ್ಜಿ ಮುನಿಯಮ್ಮ ಅರವತ್ತಮೂರನೇ ವಯಸ್ಸಿಗೆ ಯೋಗ ಶುರು ಮಾಡಿದಳು. ವಾರಕ್ಕೆರಡು ಸಲ ಕೈಲಾಂಚದಿಂದ ಬಸ್ಸು ಹತ್ತಿ ರಾಮನಗರದ ಕ್ಲಾಸಿಗೆ ಹೋಗುತ್ತಿದ್ದಳು. ಎರಡೇ ತಿಂಗಳಿಗೆ ಗೋಡೆ ಹಿಡಿಯದೆ ನೆಲದಿಂದ ಏಳತೊಡಗಿದಳು.

ತಾತ ದಾಸಪ್ಪನಿಗೆ ಇದನ್ನು ಸಹಿಸಲಾಗಲಿಲ್ಲ. ಜಗಲಿಯಲ್ಲಿ ಕಾಲು ಚಾಚಿ ‘ಕಾಫಿ ತಾ’ ಎನ್ನುವುದೊಂದೇ ಆತನಿಗೆ ಗೊತ್ತಿದ್ದ ಆಸನ.

“ಮುದ್ಕಿ ಕಾಲೆತ್ತೋದ್ ನೋಡಕ್ಕೆ ಟಿಕೆಟ್ ಮಡಗ್ಬೇಕು ಕಣ್ಲಾ! ಅದೇನ್ ಮಾ ಕಷ್ಟ? ನೋಡ್ರುಲಾ ಇಲ್ಲಿ,” ಎಂದು ಗೆಳೆಯರ ಮುಂದೆ ಬಗ್ಗಿದ. ಬಗ್ಗಿದವನು ಏಳಲಿಲ್ಲ. ಇಬ್ಬರು ಹಿಡಿದು ಎತ್ತಬೇಕಾಯಿತು.

ಆ ಸಂಜೆ ಸೊಂಟಕ್ಕೆ ಘಾಟು ಮುಲಾಮು ಬಳಿದುಕೊಂಡು ಸೀದಾ ನಾವು ರೇಷ್ಮೆಹುಳು ಸಾಕುವ ಮನೆಗೆ ನುಗ್ಗಿದ. ಮಲ್ಲಿಗೆ ಮುಡಿದವರನ್ನೂ ಬಿಟ್ಟುಕೊಳ್ಳದ ಜಾಗ ಅದು. ವಾಸನೆ ತಗುಲಿದರೆ ಹುಳು ಮೇಯುವುದಿಲ್ಲ. ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಹುಳು ಸೊಪ್ಪು ಮುಟ್ಟಿರಲಿಲ್ಲ.

“ಇವ್ಳು ಟೌನಿಂದ ಏನೋ ಅಂಟುಸ್ಕೊಂಡ್ ಬಂದವ್ಳೆ! ಇವತ್ತಿಂದ ಯೋಗ ಬಂದ್!” ಎಂದು ತಾತ ಬೀದಿಯನ್ನೇ ಸೇರಿಸಿದ. ಅವನ ಮೈಯಿಂದ ಮುಲಾಮು ಇನ್ನೂ ಗಮ್ಮೆನ್ನುತ್ತಿತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಕೈ ಅದುಮಿದಳು. “ಬುಡವ್ವ, ಮುದ್ಕನ್ ಮಾನ ಹೋಯ್ತದೆ.” ಯೋಗದ ಚಾಪೆ ಸುತ್ತಿ ಅಟ್ಟಕ್ಕೆಸೆದಳು.

ಇಂಥವನ ಮಾನಕ್ಕಾಗಿ ಆ ಚಾಪೆ ಗೆದ್ದಲು ಹಿಡಿಯಬೇಕೇ? ನಾನು ಎಲ್ಲರೆದುರು ತಾತನ ಅಂಗಿ ಎತ್ತಿ, “ಬಂದು ಮೂಸಿ ನೋಡಿ,” ಎಂದುಬಿಟ್ಟೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?