ಬ್ರೇಕು ಹಿಡಿದು ಹತ್ತಿಸಿದ ಗುಡ್ಡ

ನಾನು ಒಂದು ಜೋಡಿ ಸೈಕಲ್. ಎರಡು ಗಾಲಿ, ಎರಡು ಸೀಟು, ನಾಲ್ಕು ಪೆಡಲ್. ಮುಂದೆ ಕೂತವನ ಕೈಯಲ್ಲಿ ಹ್ಯಾಂಡಲ್, ಗೇರು, ಬ್ರೇಕು ಎಲ್ಲವೂ ಇರುತ್ತವೆ. ಹಿಂದೆ ಕೂತವನಿಗೆ ತುಳಿಯುವ ಕೆಲಸ ಒಂದೇ. ಅವನ ಮುಂದಿರುವ ಹ್ಯಾಂಡಲ್ ತಿರುಗುವುದಿಲ್ಲ, ಅದು ಬರೀ ಹಿಡಿದುಕೊಳ್ಳುವುದಕ್ಕೆ. ಫ್ರಾನ್ಸಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಹಿತ್ತಾಳೆಯ ಬೆಸುಗೆ ಹಾಕಿ ನನ್ನನ್ನು ಮಾಡಿದ ಮುದುಕನಿಗೆ ಇದರಲ್ಲಿ ಅನ್ಯಾಯವೇನೂ ಕಾಣಲಿಲ್ಲ. ಒಂದು ಬ್ರೇಕನ್ನಾದರೂ ಹಿಂದಿನವನ ಕೈಗೆ ಕೊಡಬಾರದಿತ್ತೇ ಎಂದು ಆಮೇಲೆ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ನನ್ನನ್ನು ಮೊದಲು ಕೊಂಡವರು ಹೊಸದಾಗಿ ಮದುವೆಯಾದ ಮೇಷ್ಟ್ರು ದಂಪತಿ. ಎಂಟು ವರ್ಷ ನನ್ನ ಮೇಲೆ ಕೂತು ಜಗಳವಾಡಿದರು. ಆಕೆ ಬಲಕ್ಕೆ ಎಂದರೆ ಆತ ಎಡಕ್ಕೆ. ಆದರೂ ಅದು ಸಂತೋಷದ ಕಾಲ ಎಂದೇ ಹೇಳುತ್ತೇನೆ. ಮನಸ್ಸಿನಲ್ಲಿದ್ದದ್ದೆಲ್ಲ ಬಾಯಿಗೆ ಬರುತ್ತಿತ್ತು, ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡುತ್ತಿರಲಿಲ್ಲ. ಮಕ್ಕಳಾದ ಮೇಲೆ ನನ್ನನ್ನು ನೆಲಮಾಳಿಗೆಗೆ ಇಳಿಸಿದರು. ಅಲ್ಲಿ ವೈನ್ ಪೀಪಾಯಿಗಳ ಪಕ್ಕದಲ್ಲಿ ಹತ್ತಾರು ವರ್ಷ ತುಕ್ಕು ಹಿಡಿಸಿಕೊಂಡು ನಿಂತೆ. ಕೊನೆಗೆ ಒಂದು ಭಾನುವಾರ ಊರವರೆಲ್ಲ ಅಟ್ಟದ ಹಳೇ ಸಾಮಾನುಗಳನ್ನು ಬೀದಿಗೆ ತಂದು ಮಾರುವಾಗ ನನ್ನನ್ನೂ ಹೊರಗೆ ನಿಲ್ಲಿಸಿದರು. ಅಲ್ಲಿಂದ ನನ್ನನ್ನು ಒಯ್ದವನು ಒಕ್ತಾವ್.

ಒಕ್ತಾವ್ ನಿವೃತ್ತ ಪೋಸ್ಟ್‌ಮ್ಯಾನ್. ಮೂವತ್ತೈದು ವರ್ಷ ಸೈಕಲ್ ಮೇಲೆ ಕಾಗದ ಹಂಚಿದವನು, ಮಾತಿನ ಮಲ್ಲ. ಅವನು ನನ್ನನ್ನು ಕೊಂಡದ್ದು ತನಗಾಗಿ ಅಲ್ಲ, ಗೆಳೆಯ ಗಾಸ್ಪಾರನಿಗಾಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಒಕ್ತಾವನನ್ನು ಬಯ್ಯುವವನು ನಾನೇ.

ಗಾಸ್ಪಾರ್ ಬ್ರೆಡ್ ಮಾಡುವವನು. ನಲವತ್ತು ವರ್ಷ ಊರು ಏಳುವ ಮುಂಚೆ ಒಲೆ ಹೊತ್ತಿಸಿ, ಊರು ತಿರುಗಾಡುವ ಹೊತ್ತಿಗೆ ಮಲಗಿದವನು. ಬೇಕರಿಯ ಹಿಂದಿನ ಕಿಟಕಿಯಿಂದ ದೂರದಲ್ಲಿ ಗುಡ್ಡಸಾಲು ಕಾಣುತ್ತಿತ್ತು. ಅಲ್ಲಿ ಹನ್ನೆರಡು ಹಳ್ಳಿಗಳಿದ್ದವು. ಇಪ್ಪತ್ತು ಕಿಲೋಮೀಟರ್ ದೂರ ಅಷ್ಟೆ, ಆದರೆ ಅವನು ಒಂದನ್ನೂ ನೋಡಿರಲಿಲ್ಲ. ಕೆಲಸ ಬಿಟ್ಟ ಮೇಲೆ ಸೈಕಲ್ಲಿನಲ್ಲಿ ಎಲ್ಲವನ್ನೂ ಹತ್ತಿ ಬರುತ್ತೇನೆ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಕೆಲಸ ಬಿಡುವ ಹೊತ್ತಿಗೆ ಕಣ್ಣಿನ ಒತ್ತಡದ ಕಾಯಿಲೆ ಬಂದು ಎರಡು ಕಣ್ಣೂ ಹೋದವು. ಗುಡ್ಡಗಳು ಕಿಟಕಿಯಲ್ಲೇ ಉಳಿದವು.

ಒಕ್ತಾವ್ ನನ್ನ ತುಕ್ಕು ಉಜ್ಜಿ, ಹೊಸ ಚೈನು ಹಾಕಿ, ಗಾಸ್ಪಾರನ ಕೈಯನ್ನು ನನ್ನ ಹಿಂದಿನ ಸೀಟಿನ ಮೇಲೆ ಇಟ್ಟ. ನೀನು ತುಳಿ, ನಾನು ನೋಡಿ ನೋಡಿ ಹೇಳುತ್ತೇನೆ ಎಂದ. ಗಾಸ್ಪಾರ್ ಸೀಟಿನಿಂದ ಪೆಡಲಿನವರೆಗೆ ನನ್ನನ್ನು ಇಂಚಿಂಚೂ ತಡವಿ ನೋಡಿದ. ಅಂಥ ಆಸೆಯ ಕೈ ನನ್ನನ್ನು ಅದಕ್ಕೂ ಮುಂಚೆ ಮುಟ್ಟಿರಲಿಲ್ಲ.

ಊರಿನ ಸೈಕಲ್ ಸಂಘದವರು ಆ ಹನ್ನೆರಡು ಹಳ್ಳಿಗಳ ದಾರಿಗೆ ಒಂದು ಕಾರ್ಡು ಅಚ್ಚು ಹಾಕಿಸಿದ್ದರು. ಪ್ರತಿ ಹಳ್ಳಿಯಲ್ಲೂ ಅಂಗಡಿಯವರಿಂದಲೋ ಹೋಟೆಲಿನವರಿಂದಲೋ ಅದರ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. ಗೆಳೆಯರಿಬ್ಬರೂ ವಾರಕ್ಕೊಂದು ಹಳ್ಳಿ, ಗುರುವಾರ ಗುರುವಾರ ಎಂದು ಗೊತ್ತುಮಾಡಿಕೊಂಡರು. ಗಾಸ್ಪಾರ್ ಇನ್ನೊಂದು ಆಸೆ ಹೇಳಿದ. ಪ್ರತಿ ಹಳ್ಳಿಯಲ್ಲೂ ಅಲ್ಲಿಯ ಬೇಕರಿಯಿಂದ ಒಂದು ಬ್ರೆಡ್ ತಂದು ತನ್ನ ಕೈಗೆ ಕೊಡಬೇಕು. ಊರನ್ನು ಕಣ್ಣಲ್ಲಿ ನೋಡಲಾಗದಿದ್ದರೂ ಕೈಯಲ್ಲಿ ನೋಡುತ್ತೇನೆ ಎಂದ.

ಮೊದಲ ಗುರುವಾರ ಸೇತುವೆ ದಾಟಿ ಗುಡ್ಡದ ರಸ್ತೆಗೆ ತಿರುಗಿದೆವು. ಮೊದಲ ತಿರುವಿನಲ್ಲೇ ಒಕ್ತಾವನ ಮೊಣಕಾಲು ಕೈಕೊಟ್ಟಿತು. ಪೆಡಲ್ ಮೇಲೆ ಅವನ ಪಾದ ಒದ್ದಾಡಿದ್ದು ನನಗೆ ತಿಳಿಯಿತು. ಕಾಲು ನೋಯುತ್ತಿದೆ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಹೇಳಲಿಲ್ಲ. ದಾರಿ ತಪ್ಪಿದೆ ಎಂದು ನನ್ನನ್ನು ಹಿಂದಕ್ಕೆ ತಿರುಗಿಸಿದ. ಸೇತುವೆಯ ಕೆಳಗೆ ಕಾಲುವೆಯ ದಂಡೆ ಇತ್ತು, ಅಂಗೈಯಷ್ಟು ಸಪಾಟು, ಎರಡು ಕಡೆ ಪಾಪ್ಲರ್ ಮರಗಳು. ಅಲ್ಲಿಗೆ ಇಳಿಸಿದ.

ಒಂದೆರಡು ಕಿಲೋಮೀಟರ್ ಆದ ಮೇಲೆ ಒಕ್ತಾವ್ ಮೆಲ್ಲಗೆ ಹಿಂದಿನ ಬ್ರೇಕು ಹಿಡಿದ. ಬಿಗಿಯಾಗಿ ಅಲ್ಲ, ರಬ್ಬರು ರಿಮ್ಮಿಗೆ ತಾಗುವಷ್ಟು. ಗಾಲಿ ಭಾರವಾಯಿತು. “ಏರು ಶುರುವಾಯ್ತು, ಒತ್ತು,” ಎಂದ. ಗಾಸ್ಪಾರ್ ಹಲ್ಲು ಕಚ್ಚಿ ಒತ್ತಿದ. ಅವನ ಬೆವರು ನನ್ನ ಕೊಳವೆಯ ಮೇಲೆ ತೊಟ್ಟಿಕ್ಕಿತು. ಒಕ್ತಾವ್ ಮುಂದೆ ಕೂತು ತಿರುವು ತಿರುವಾಗಿ ಹೇಳುತ್ತ ಹೋದ. ಕೆಳಗೆ ಸೂರ್ಯಕಾಂತಿ ಹೊಲ, ಮೇಲೆ ಚರ್ಚಿನ ಗೋಪುರ, ಬೇಲಿಗೆ ಮುಖ ಚಾಚಿದ ಬಿಳಿ ಹಸುಗಳು. ಸುಳ್ಳೇ ಆದರೂ ಎಷ್ಟು ಚೆನ್ನಾಗಿ ಹೇಳುತ್ತಿದ್ದನೆಂದರೆ ನಾನೂ ಒಮ್ಮೆ ಹಸು ಎಲ್ಲಿ ಎಂದು ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ಬ್ರೇಕು ಬಿಟ್ಟ. ಗಾಲಿ ಹಗುರಾಯಿತು. “ತಲುಪಿದ್ವಿ. ಸೆಂತ್-ಒರೀನ್.”

ಕಾಲುವೆ ದಂಡೆಯ ಬೆಂಚಿನ ಮೇಲೆ ಗೆಳೆಯನನ್ನು ಕೂರಿಸಿದ. ಬ್ರೆಡ್ ತರುವ ನೆಪದಲ್ಲಿ ನಾಲ್ಕು ಹೆಜ್ಜೆ ಹೋಗಿ ಸುಮ್ಮನೆ ನಿಂತು ವಾಪಸ್ ಬಂದು, ಅವತ್ತು ಬೇಕರಿ ರಜಾ ಎಂದ.

ಮೊದಲ ಸಲ ಪಾಪ ನೋವಿನಿಂದ ಹಾಗೆ ಮಾಡಿದ ಎಂದುಕೊಂಡೆ. ಎರಡನೇ ವಾರದಿಂದ ಅದು ಕಸುಬಾಯಿತು. ನಾನು ಇರುತ್ತಿದ್ದುದು ಒಕ್ತಾವನ ಗ್ಯಾರೇಜಿನಲ್ಲಿ, ಅವನ ಕಾರಿನ ಪಕ್ಕ. ಬುಧವಾರ ಅವನು ಕಾರು ಹತ್ತಿ ಗುಡ್ಡದ ಹಳ್ಳಿಗೆ ಹೋಗುತ್ತಿದ್ದ, ಕಾರ್ಡಿಗೆ ಮೊಹರು ಹಾಕಿಸುತ್ತಿದ್ದ, ಬ್ರೆಡ್ ಕೊಂಡು ತರುತ್ತಿದ್ದ. ಎರಡನ್ನೂ ನನ್ನ ಹ್ಯಾಂಡಲ್ಲಿನ ಚೀಲಕ್ಕೆ ಹಾಕುತ್ತಿದ್ದ. ಗುರುವಾರ ಕಾಲುವೆ, ಬ್ರೇಕು, ಬೆಂಚು. ದಾರಿಯಲ್ಲಿ ಎದುರಾದವರಿಗೆ ಬಾಯಿ ಮೇಲೆ ಬೆರಳಿಟ್ಟು ಸನ್ನೆ ಮಾಡುತ್ತಿದ್ದ. ಕುರುಡನ ಕಣ್ಣಿಗೂ ಮಣ್ಣೆರಚುವವರಿದ್ದಾರೆ ಎಂದು ನಾನು ಅಲ್ಲಿ ಕಂಡೆ. ನನ್ನ ಹೊಟ್ಟೆ ಉರಿದದ್ದು ಇನ್ನೂ ಒಂದು ಕಾರಣಕ್ಕೆ. ಆ ಕಾರಿನಲ್ಲಿ ಪಕ್ಕದ ಸೀಟು ಪ್ರತಿ ಬುಧವಾರ ಖಾಲಿ ಹೋಗಿ ಖಾಲಿ ಬರುತ್ತಿತ್ತು.

ಗಾಸ್ಪಾರ್ ಬ್ರೆಡ್ಡನ್ನು ಎರಡೂ ಕೈಯಲ್ಲಿ ಹಿಡಿದು ಒತ್ತುತ್ತಿದ್ದ, ಕಿವಿಯ ಹತ್ತಿರ ತಂದು ಮುರಿಯುತ್ತಿದ್ದ. ಇದು ನಿನ್ನೆಯದು ಎಂದ. ಇಲ್ಲಿಯ ಬೇಕರಿಯವನು ಸೋಮಾರಿ ಎಂದು ನಕ್ಕ. ಮುಂದಿನ ವಾರ ಇನ್ನೊಂದು ಊರು, ಅಲ್ಲೂ ನಿನ್ನೆಯದು. ಗುಡ್ಡದ ಮೇಲೆ ಬೆಳಗ್ಗೆ ಏಳುವವರೇ ಇಲ್ಲವೇ ಎಂದು ಬೇಸರಪಟ್ಟ. ತನ್ನ ಕಸುಬಿನವರ ಮೇಲೆ ಅವನಿಗೆ ಸಿಟ್ಟೇ ಬಂತು. ಐದು ಬೇಕರಿಯವರನ್ನು ಬಯ್ದ, ಒಬ್ಬ ಗೆಳೆಯನನ್ನು ಅನುಮಾನಿಸಲಿಲ್ಲ. ಆರನೆಯ ಬ್ರೆಡ್ಡನ್ನು ಒತ್ತಿ ನೋಡಿ, ಈ ಸಲ ಬೇಕರಿಯವನನ್ನು ಬಯ್ಯದೆ ಪಕ್ಕಕ್ಕಿಟ್ಟ.

ಅದರ ಮುಂದಿನ ಗುರುವಾರದ ಏರು ಎಲ್ಲಕ್ಕಿಂತ ಕಡಿದು ಎಂದು ಒಕ್ತಾವ್ ಮೊದಲೇ ಹೇಳಿದ್ದ. ಅದಕ್ಕೆ ತಕ್ಕಂತೆ ಬ್ರೇಕನ್ನೂ ಗಟ್ಟಿಯಾಗಿ ಹಿಡಿದ. ನನ್ನ ರಿಮ್ಮು ಸುಡತೊಡಗಿತು. ಗಾಸ್ಪಾರ್ ಏದುಸಿರು ಬಿಡುತ್ತ ತುಳಿದ. ಮೇಲೆ ಬಂದೆವು ಎಂದಾಗ ಇಳಿದು ನಿಂತ. ಆಮೇಲೆ ಬಗ್ಗಿ, ತಡಕಾಡಿ, ನನ್ನ ಹಿಂದಿನ ಗಾಲಿಯ ಮೇಲೆ ಅಂಗೈ ಇಟ್ಟ. ನಲವತ್ತು ವರ್ಷ ಒಲೆಯ ಮುಂದೆ ನಿಂತ ಕೈ ಅದು. ನನಗೆ ಬಾಯಿಲ್ಲ. ಇದ್ದದ್ದು ಆ ಬಿಸಿ ಒಂದೇ, ಅದನ್ನು ಪೂರ್ತಿ ಅವನ ಕೈಗೆ ಕೊಟ್ಟೆ.

“ಏರು ಹತ್ತಿದ್ರೆ ರಿಮ್ಮು ತಣ್ಣಗಿರ್ಬೇಕು, ಒಕ್ತಾವ್,” ಎಂದ. “ಇದು ಬ್ರೇಕ್ ಹಿಡಿದ ಬಿಸಿ. ನಾವೀಗ ಎಲ್ಲಿದೀವಿ?”

ಒಕ್ತಾವ್ ಬ್ರೇಕಿನಿಂದ ಕೈ ತೆಗೆದ. “ಕಾಲುವೆ ಹತ್ರ.”

“ಮೊದಲನೇ ಗುರುವಾರ?”

“ಅವತ್ತೂ ಇಲ್ಲೇ.”

ಆಮೇಲೆ ಒಂದೊಂದಾಗಿ ಎಲ್ಲವನ್ನೂ ಒಪ್ಪಿಕೊಂಡ. ಮೊಣಕಾಲು ಸವೆದಿದೆ, ಏರು ಹತ್ತಬಾರದೆಂದು ಡಾಕ್ಟರು ಹೇಳಿದ್ದಾರೆ. ಹೇಳಿದ್ದರೆ ಸಂಘದವರು ಮುಂದಿನ ಸೀಟಿಗೆ ಬೇರೆ ಯಾರನ್ನೋ ಕೂರಿಸುತ್ತಿದ್ದರು. ತನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ವಾರಕ್ಕೆ ಈ ಒಂದು ಗುರುವಾರ ಬಿಟ್ಟರೆ ಏನೂ ಇಲ್ಲ. ಹೇಳುತ್ತ ಹೇಳುತ್ತ ಅತ್ತ. ನನಗೆ ಕನಿಕರ ಹುಟ್ಟಲಿಲ್ಲ. ಗಾಸ್ಪಾರನಿಗೆ ಹುಟ್ಟಿತೋ ಏನೋ, ಮುಖದಲ್ಲಿ ತೋರಲಿಲ್ಲ.

“ಕಾರಲ್ಲಿ ಕರ್ಕೊಂಡು ಹೋಗಿದ್ರೂ ಸಾಕಿತ್ತು,” ಎಂದಷ್ಟೇ ಹೇಳಿದ. “ಅಲ್ಲಿ ಕೂತು ನೀನು ಏನು ಹೇಳಿದ್ರೂ ಕೇಳ್ತಿದ್ದೆ.”

ಮನೆಗೆ ಹೋಗಲು ಬೇರೆ ದಾರಿ ಇರಲಿಲ್ಲ. ಮೋಸ ಮಾಡಿದವನೇ ಹ್ಯಾಂಡಲ್ ಹಿಡಿಯಬೇಕಿತ್ತು, ಮೋಸಹೋದವನು ಅವನ ಬೆನ್ನ ಹಿಂದೆಯೇ ಕೂರಬೇಕಿತ್ತು. ಕಲ್ಲು ಬಂತು, ಗುಂಡಿ ಬಂತು ಎಂದು ಒಕ್ತಾವ್ ಎಚ್ಚರಿಸುತ್ತ ಬಂದ. ಅವೆಲ್ಲ ನಿಜವೇ ಆಗಿದ್ದವು. ಗಾಸ್ಪಾರ್ ಒಂದಕ್ಕೂ ಹೂಂಗುಟ್ಟಲಿಲ್ಲ.

ಮರುದಿನವೇ ನಾನು ಗಾಸ್ಪಾರನ ಹಳೇ ಬೇಕರಿಗೆ ಬಂದೆ. ಸಂಘದ ದೆಲ್ಫೀನ್ ಎಂಬ ಶಾಲಾ ಟೀಚರ್ ಮುಂದಿನ ಸೀಟಿಗೆ ಒಪ್ಪಿಕೊಂಡಳು. ಗಟ್ಟಿ ಕಾಲಿನ, ಒಳ್ಳೇ ಮನಸ್ಸಿನ ಹುಡುಗಿ. ಮುಂದಿನ ಗುರುವಾರ ಸೇತುವೆ ದಾಟಿ ಬಲಕ್ಕೆ ತಿರುಗಿದೆವು, ತಿರುವು ತಿರುವಾಗಿ ನಿಜವಾದ ಏರು ಹತ್ತಿದೆವು. ನನ್ನ ಬ್ರೇಕನ್ನು ಯಾರೂ ಮುಟ್ಟಲಿಲ್ಲ. ಮೇಲೆ ತಲುಪಿದಾಗ ದೆಲ್ಫೀನ್ ಉಸಿರು ತಿರುಗಿಸಿಕೊಂಡು, ಎಡಗಡೆ ಒಂದು ಕಣಿವೆಯಿದೆ ಗಾಸ್ಪಾರ್ ಅವರೇ, ಎಂದು ಶುರುಮಾಡಿದಳು.

“ಬೇಡ,” ಎಂದ ಗಾಸ್ಪಾರ್. “ದಯವಿಟ್ಟು ಏನೂ ಹೇಳ್ಬೇಡಿ.”

ಹನ್ನೆರಡು ಗುರುವಾರ ಹನ್ನೆರಡು ಹಳ್ಳಿಗಳನ್ನೂ ಹತ್ತಿದ. ಬಿಸಿ ಬಿಸಿ ಬ್ರೆಡ್ ಕೈಗೆ ಬಂತು, ಹಿಡಿದು ನೋಡಿದ, ತಿಂದ. ಕೊನೆಯ ಹಳ್ಳಿಯಲ್ಲಿ ರಸ್ತೆಯ ತುದಿಗೆ ನಿಂತಾಗ ಕೆಳಗೆ ಇಡೀ ಸೀಮೆ ಬಿಸಿಲಲ್ಲಿ ಹರಡಿತ್ತು. ಹೊಲ, ಕೆರೆ, ದ್ರಾಕ್ಷಿ ತೋಟ, ಹಂಚಿನ ಮಾಡುಗಳು. ದೆಲ್ಫೀನ್ ತುಟಿ ಕಚ್ಚಿಕೊಂಡು ನಿಂತಳು. ನಾನು ನೋಡಿದೆ, ಅವಳು ನೋಡಿದಳು. ಯಾರ ಆಸೆಗಾಗಿ ನಾವು ಅಲ್ಲಿಗೆ ಹೋಗಿದ್ದೆವೋ ಅವನು ರಸ್ತೆಯಂಚಿನ ಕಲ್ಲಿನ ಮೇಲೆ ಕೂತು, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ಹೊರಡೋಣವೇ ಎಂದು ಕೇಳಿದ.

ಅದಾಗಿ ಎಷ್ಟೋ ವರ್ಷಗಳಾದವು. ದೆಲ್ಫೀನಳಿಗೆ ಬೇರೆ ಊರಿಗೆ ವರ್ಗವಾಯಿತು. ನಾನೀಗ ಆರಿದ ಒಲೆಯ ಪಕ್ಕದ ಗೋಡೆಗೆ ಒರಗಿದ್ದೇನೆ. ಟಯರು ಬಿರಿದಿವೆ, ಚೈನು ತುಕ್ಕು ಹಿಡಿದು ಬಿಗಿದುಕೊಂಡಿದೆ. ದ್ರೋಹ ಎಂದರೆ ಹೊಡೆದು ಕಿತ್ತುಕೊಳ್ಳುವುದು ಎಂದು ಜನ ತಿಳಿದಿದ್ದಾರೆ. ನಾನು ಕಂಡ ದ್ರೋಹ ಪ್ರೀತಿಯಿಂದ ಉಡುಗೊರೆ ತಂದ ಕೈಯದೇ. ಅದೇ ನನ್ನನ್ನು ಇವತ್ತಿಗೂ ಕೊರೆಯುತ್ತದೆ. ನನ್ನ ಬ್ರೇಕನ್ನೇ ಬಳಸಿಕೊಂಡನಲ್ಲ, ನಾನೂ ಅದರಲ್ಲಿ ಪಾಲುದಾರನಾದೆನಲ್ಲ ಎಂಬ ನಾಚಿಕೆಯೂ ಇದೆ.

ಕಳೆದ ಚಳಿಗಾಲದಿಂದ ಒಕ್ತಾವ್ ಮತ್ತೆ ಬರತೊಡಗಿದ್ದಾನೆ, ಎರಡು ಕೋಲು ಊರಿಕೊಂಡು. ಮೊದಲ ದಿನ ಬಾಗಿಲು ತಟ್ಟಿ ಹೆಸರು ಹೇಳಿದ. ಗಾಸ್ಪಾರ್ ಸ್ವಲ್ಪ ಹೊತ್ತು ನಿಂತು ಬಾಗಿಲು ತೆರೆದ. ಕಾಫಿ ಮಾಡಿ ಕೊಟ್ಟ. ಇಬ್ಬರೂ ನನ್ನ ಮುಂದೆಯೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಸತ್ತವರ, ಬದುಕಿರುವವರ ಸುದ್ದಿ ಮಾತಾಡುತ್ತಾರೆ. ನೋಡಿದವರು ಹಳೇ ಗೆಳೆಯರು ಎಂದೇ ಅಂದುಕೊಳ್ಳಬೇಕು.

ನಿನ್ನೆ ಮಧ್ಯಾಹ್ನ ಮಾತು ನಿಂತು ಹೋದಾಗ ಒಕ್ತಾವ್ ಕಿಟಕಿಯ ಕಡೆ ನೋಡಿ, ಹೊರಗೆ ಹನಿ ಬೀಳುತ್ತಿದೆ ಎಂದ. ಸುಮ್ಮನೆ ಹೇಳಿದ ಮಾತು ಅಷ್ಟೆ. ಗಾಸ್ಪಾರ್ ಕಾಫಿ ಲೋಟ ಕೆಳಗಿಟ್ಟ. ಎದ್ದು, ಗೋಡೆ ಹಿಡಿದುಕೊಂಡು ಕಿಟಕಿಯವರೆಗೆ ಹೋದ, ಕದ ತೆರೆದ, ಅಂಗೈಯನ್ನು ಹೊರಗೆ ಚಾಚಿ ನಿಂತ. ಕೈ ತೋಯಿತು. ಅದನ್ನು ಅಂಗಿಗೆ ಒರೆಸಿಕೊಂಡು ಬಂದು ಕೂತು, “ಹೌದು, ಬೀಳ್ತಾ ಇದೆ,” ಎಂದ.