ಅಳಿವೆಬಾಗಿಲಿಗೆ ಹೋಗಿಬಂದ ಬೆಂಚು

ನಾನು ಒಂದು ಬೆಂಚು. ಹಾಗಂತ ಹುಟ್ಟು ಬೆಂಚಲ್ಲ. ಮೊದಲು ಹೆಬ್ಬಲಸಿನ ಹಲಗೆಯಾಗಿದ್ದೆ, ಆಮೇಲೆ ದೋಣಿಯ ಮೈಯಾದೆ. ಕುಂದಾಪುರದ ಕಡೆಯ ಒಬ್ಬ ಆಚಾರಿ ನನ್ನನ್ನು ಬೆಂಕಿಯ ಶಾಖಕ್ಕೆ ಹಿಡಿದು, ಬೈಯುತ್ತಲೇ ಬಗ್ಗಿಸಿ, ಮೈಗೆಲ್ಲ ಮೀನೆಣ್ಣೆ ಬಳಿದ. ಆಗ ಬಿದ್ದ ಬಾಗು ಇನ್ನೂ ಹೋಗಿಲ್ಲ. ನನ್ನ ಎರಡು ತುದಿಗಳಲ್ಲಿ ಇಬ್ಬರು ಕೂತರೆ, ಚಾ ಮುಗಿಯುವುದರೊಳಗೆ ಇಬ್ಬರೂ ಜಾರಿ ನಡುವಿಗೆ ಬಂದಿರುತ್ತಾರೆ. ಮಾತು ಬಿಟ್ಟವರನ್ನೂ ಹೀಗೆ ಹತ್ತಿರ ತಂದಿದ್ದೇನೆ. ಆ ಕೀರ್ತಿ ಆಚಾರಿಗೇ ಸಲ್ಲಬೇಕು.

ದೋಣಿಯ ಒಡೆಯ ದೂಮ ಮೊಗವೀರ. ಕಟ್ಟುಮಸ್ತಾದ ಆಳು, ಒರಟು ಮಾತು, ನಗು ಮಾತ್ರ ಮಗುವಿನದು. ಅವನ ಪಾದದ ಬಿಸಿ ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ, ಯಾರೂ ಕಡಲಿಗೆ ಇಳಿಯಬಾರದು ಎಂದು ಬಂದರಿನಲ್ಲಿ ಕೆಂಪು ಬಾವುಟ ಏರಿಸಿದ್ದರು. ಮೊದಲ ಮಳೆಗೆ ಸಿಗಡಿ ಏಳುತ್ತದೆಂಬ ಆಸೆಗೆ ದೂಮ ಒಬ್ಬನೇ ಹೊರಟ. ಮುಂದಿನದನ್ನು ನಾನು ಹೇಳಲಾರೆ. ಅಲೆ ನನ್ನನ್ನು ಮರಳಿನ ಮೇಲೆ ತಂದು ಹಾಕಿತು. ದೂಮನನ್ನು ತರಲಿಲ್ಲ.

ನಮ್ಮ ಬಂದರಿನಲ್ಲಿ ಒಂದು ಪದ್ಧತಿ ಇದೆ. ಕಡಲಿಗೆ ಹೋದವನ ದೇಹ ಸಿಗದೇ ಹೋದರೆ, ಹೊಳೆ ಕಡಲನ್ನು ಸೇರುವ ಅಳಿವೆಬಾಗಿಲಲ್ಲಿ ದೋಣಿ ನಿಲ್ಲಿಸಿ ಇಂಜಿನ್ ಆರಿಸುತ್ತಾರೆ. ಮನೆಯವರು ಅವನ ಹೆಸರು ಹೇಳಬೇಕು. ದೋಣಿ ನಡೆಸುವ ತಾಂಡೇಲ ಆ ಹೆಸರನ್ನು ಕಡಲಿನ ಕಡೆಗೆ ಕೂಗಿ, ಹೊತ್ತಾಯಿತು, ಮನೆಗೆ ಬಾ ಎಂದು ಕರೆಯಬೇಕು. ಆಮೇಲೇ ಮನೆಯವರು ಸೂತಕ ಕಳೆಯುವುದು. ದೂಮನನ್ನು ಯಾರೂ ಕರೆಯಲಿಲ್ಲ. ಬಾವುಟ ಕಂಡೂ ಹೋದವನನ್ನು ಕರೆಯುವುದೆಂತದು ಎಂದರು ಆಗಿನ ತಾಂಡೇಲರು. ಅವನ ಹೆಂಡತಿ ಗುಲಾಬಿ ಎರಡನೇ ಸಲ ಕೇಳಲಿಲ್ಲ. ಹೆದ್ದಾರಿಯೂ ಕಡಲೂ ಮೈ ತಾಗಿಸಿಕೊಂಡು ಹೋಗುವ ಕಡೆ ಚಾದಂಗಡಿ ಹಾಕಿದಳು. ನನಗೆ ಮಾವಿನ ಮರದ ನಾಲ್ಕು ಕಾಲು ಹೊಡೆಸಿ ಅಂಗಡಿಯ ಮುಂದೆ ನಿಲ್ಲಿಸಿದಳು. ಕಡಲನ್ನೇ ಕಾಣದ ಆ ಕಾಲುಗಳ ಸಹವಾಸದಲ್ಲಿ ನನ್ನ ಎರಡನೇ ಜನ್ಮ ಶುರುವಾಯಿತು.

ಬೆಂಚಿನ ಜನ್ಮ ಕೆಟ್ಟದ್ದಲ್ಲ. ಜನರನ್ನು ಕೆಳಗಿನಿಂದ ನೋಡಿದರೆ ಬಹಳ ತಿಳಿಯುತ್ತದೆ. ಸುಳ್ಳು ಹೇಳುವವರು ಕೂತಲ್ಲೇ ಮಿಸುಕುತ್ತಾರೆ, ದುಃಖದಲ್ಲಿರುವವರು ಬರೀ ಅಂಚಿನಲ್ಲಿ ಕೂರುತ್ತಾರೆ.

ಹೀಗೆ ವರ್ಷಗಳು ಕಳೆದವು. ಗುಲಾಬಿ ಎಲ್ಲರ ಬಾಯಲ್ಲಿ ಗುಲಾಬಿಯಕ್ಕ ಆದಳು, ಅಂಗಡಿಗೆ ಟಿವಿ ಬಂತು. ಒಂದು ವಾರ ಆ ಟಿವಿಯಲ್ಲಿ ಒಂದೇ ಸುದ್ದಿ. ಯಾವುದೋ ದೂರದ ಬಂದರಿನಿಂದ, ಕಡಲಿನ ತಳ ತೋರಿಸುತ್ತೇವೆಂದು ಒಂದು ಕಂಪನಿ ಉಕ್ಕಿನ ಗೂಡಿನಲ್ಲಿ ಐದು ಜನರನ್ನು ಇಳಿಸಿತ್ತು. ಗೂಡು ಮೇಲೆ ಬರಲಿಲ್ಲ, ಹುಡುಕಲು ಹೆಲಿಕಾಪ್ಟರ್‌ಗಳು ಹೊರಟವು. ಒಳಗೆ ಉಸಿರಾಡಲು ಇನ್ನೆಷ್ಟು ಗಾಳಿ ಉಳಿದಿದೆ ಎಂದು ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು. ಕೊನೆಗೆ ಚೂರುಗಳು ಸಿಕ್ಕವು.

ನನ್ನ ಮೇಲೆ ಕೂತವರು ಆ ವಾರವೆಲ್ಲ ನಕ್ಕರು. ದುಡ್ಡು ಹೆಚ್ಚಾದರೆ ಹೀಗೇ ಆಗುವುದು ಎಂದರು. ನಮ್ಮ ದೋಣಿಗಳು ಮುಳುಗಿದಾಗ ಈ ಹೆಲಿಕಾಪ್ಟರ್‌ಗಳು ಎಲ್ಲಿದ್ದವು ಎಂದು ಈಗಿನ ತಾಂಡೇಲ ಹೆರಿಯ ಕೇಳಿದ. ಆ ಪ್ರಶ್ನೆ ನ್ಯಾಯದ್ದೇ ಎಂದು ನನಗೂ ಅನ್ನಿಸಿತು. ಹೆರಿಯನ ದೋಣಿಯಲ್ಲಿ ದುಡಿಯುವ ಸುಧೀರನಿಗೆ ಮಾತ್ರ ನ್ಯಾಯಕ್ಕಿಂತ ತಮಾಷೆ ಮುಖ್ಯ. ಸತ್ತವರಲ್ಲಿ ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರು ಇದ್ದರು. ಅವರಿಗೆ 'ಪಾತಾಳದ ಸಾಹುಕಾರ' ಎಂದು ಹೆಸರಿಟ್ಟು ಫೋನಿನಲ್ಲಿ ಬಂದದ್ದನ್ನೆಲ್ಲ ಎಲ್ಲರಿಗೂ ತೋರಿಸುತ್ತಿದ್ದ.

ಚೂರುಗಳು ಸಿಕ್ಕ ಕೆಲವು ದಿನಗಳಿಗೆ, ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಟ್ಯಾಕ್ಸಿ ನಿಂತಿತು. ಇಳಕಲ್ ಸೀರೆ ಉಟ್ಟ, ವಯಸ್ಸಾದ ಹೆಂಗಸೊಬ್ಬರು ಇಳಿದು ನನ್ನ ಅಂಚಿನಲ್ಲಿ ಕೂತರು. ಹಣೆಯಲ್ಲಿ ವಿಭೂತಿ ಇತ್ತು. ಅದನ್ನು ಕಂಡ ಗುಲಾಬಿಯಕ್ಕ ಮೀನಿನ ವಾಸನೆ ಹೋಗಲೆಂದು ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿ ತೊಳೆದು ಚಾಕ್ಕೆ ಇಟ್ಟಳು. ಇನ್ನೊಂದು ತುದಿಯಲ್ಲಿದ್ದ ಸುಧೀರ ನನ್ನ ಬಾಗಿನಿಂದಾಗಿ ಅವರ ಪಕ್ಕಕ್ಕೆ ಜಾರಿ ಬಂದ. ಬಂದವನು ಸುಮ್ಮನಿರಬೇಕಲ್ಲ? ಇದನ್ನು ಕಂಡಿದ್ದೀರಾ ಅಮ್ಮ ಎಂದು ಫೋನನ್ನು ಅವರ ಮುಂದೆ ಹಿಡಿದ. ಬಂಗುಡೆ ಮೀನಿನ ಮೈಗೆ ಆ ವ್ಯಾಪಾರಿಯ ಮುಖ ಅಂಟಿಸಿದ ಚಿತ್ರ ಅದು.

ಅವರು ಫೋನನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದರು.

"ಈ ಫೋಟೋ ನಾನ ತಗದಿದ್ದು," ಎಂದರು. "ಮಗಳ ಮದುವ್ಯಾಗ."

ಸುಧೀರ ಎದ್ದು ನಿಂತ. ಗುಲಾಬಿಯಕ್ಕ ಟಿವಿ ಆರಿಸಿ ಬಂದು ಅವರ ಪಕ್ಕ ಕೂತಳು. ನಾನು ಇಬ್ಬರನ್ನೂ ಮೆಲ್ಲಗೆ ಹತ್ತಿರ ಮಾಡಿದೆ.

ಅವರ ಹೆಸರು ಶಾಂತವೀರಮ್ಮ. ಗೂಡು ಹೊರಟ ಬಂದರಿಗೆ ಹೋಗಿದ್ದರಂತೆ. ಕಂಪನಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಊರಿಗೆ ಹಿಂತಿರುಗುವಾಗ ರಸ್ತೆಯ ಪಕ್ಕದಲ್ಲೇ ಕಡಲು ಕಂಡು ಗಾಡಿ ನಿಲ್ಲಿಸಿದರು. ಗಂಡನ ಪರವಾಗಿ ಅವರು ವಾದ ಮಾಡಲಿಲ್ಲ. ಹುಡುಗನಾಗಿದ್ದಾಗ ಆತ ಊರ ಬಾವಿಗೆ ಹಾರಿ, ತಳ ಮುಟ್ಟಿದ್ದಕ್ಕೆ ಗುರುತಾಗಿ ಒಂದು ಹಿಡಿ ಕೆಸರು ತರುತ್ತಿದ್ದರಂತೆ. ಮೊಮ್ಮಕ್ಕಳಾದರೂ ಆ ಹುಚ್ಚು ಬಿಡಲಿಲ್ಲ, ನಾನೂ ಬೈದೆ, ಕೇಳಲಿಲ್ಲ ಎಂದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ನಮ್ಮೊಳಗ ಮಣ್ಣ ಕೊಡತೀವ್ರಿ. ಕೊಡಾಕ ಒಂದು ಬೆರಳೂ ಸಿಗಲಿಲ್ಲ," ಎಂದರು.

ಗುಲಾಬಿಯಕ್ಕ ಅಳಿವೆಬಾಗಿಲಿನ ಪದ್ಧತಿಯನ್ನು ಹೇಳಿದಳು. ತನಗೆ ಆದದ್ದನ್ನೂ ಹೇಳಿದಳು. ಅಷ್ಟು ವರ್ಷಗಳಲ್ಲಿ ಅವಳು ಅದನ್ನು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ನಮ್ಮವರನ್ನೂ ಕರೆಯುತ್ತಾರೇನು ಎಂದು ಶಾಂತವೀರಮ್ಮ ಕೇಳಿದಾಗ ಗುಲಾಬಿಯಕ್ಕ ಅಂಗಡಿಯ ಮುಂದೆ ಬೀಡಿ ಸೇದುತ್ತಿದ್ದ ಹೆರಿಯನ ಕಡೆ ತಿರುಗಿದಳು. ಹೆರಿಯ ಬೀಡಿ ಎಸೆದು, ಅದು ಹೊಟ್ಟೆಪಾಡಿಗೆ ಕಡಲಿಗೆ ಇಳಿದವರಿಗೆ ಮಾಡುವುದು, ದುಡ್ಡು ಕೊಟ್ಟು ನೋಡಲು ಹೋದವರಿಗಲ್ಲ ಎಂದ.

"ನಮ್ಮನಿಯೋರಿಗೂ ಹೀಂಗೇ ಎಂತದೋ ಒಂದ್ ಹೇಳಿದ್ರ್ ಹೆರಿಯಣ್ಣ," ಎಂದಳು ಗುಲಾಬಿಯಕ್ಕ. "ಅವತ್ತ್ ನೀವೂ ಇಲ್ಲೇ ನಿಂತಿದ್ರಿ."

ಅವಳ ದನಿ ಏರಲಿಲ್ಲ. ಹೆರಿಯನ ತಲೆ ತಗ್ಗಿತು. ತಲೆ ಎತ್ತದೆಯೇ ಸುಧೀರನಿಗೆ ದೋಣಿ ಇಳಿಸಲು ಹೇಳಿದ. ಇಂಥ ಹೆಂಗಸಿನ ಅಂಗಡಿಯಲ್ಲಿ ಸವೆದೆನಲ್ಲ ಎಂದು ನನಗೆ ಇಂದಿಗೂ ಹೆಮ್ಮೆ.

ಶಾಂತವೀರಮ್ಮನಿಗೆ ಮಂಡಿನೋವು, ದೋಣಿಯ ತಳದಲ್ಲಿ ಕೂರಲಾರರು. ಬೆಂಚು ತಗೊಳ್ಳಿ, ನಾನೂ ಬರುತ್ತೇನೆ ಎಂದಳು ಗುಲಾಬಿಯಕ್ಕ. ಸುಧೀರ ನನ್ನನ್ನು ತಲೆಯ ಮೇಲೆ ಹೊತ್ತು ದೋಣಿಯಲ್ಲಿಟ್ಟ. ನನ್ನ ಮಾವಿನ ಕಾಲುಗಳಿಗೆ ಜೀವವೇ ಹೋದಂತಾಯಿತು. ನನಗೋ, ಉಪ್ಪು ನೀರಿನ ಹನಿ ಮೈಮೇಲೆ ಬಿದ್ದಾಗ ಅಳು ಬಂತು. ನಾನು ದೋಣಿಯಾಗಿದ್ದವನು, ಇನ್ನೊಂದು ದೋಣಿಯ ಹೊಟ್ಟೆಯಲ್ಲಿ ಕೂತು ಕಡಲಿಗೆ ಹೋಗುತ್ತಿದ್ದೆ. ಇಬ್ಬರು ಹೆಂಗಸರೂ ನನ್ನ ನಡುವಿನಲ್ಲಿ ಭುಜಕ್ಕೆ ಭುಜ ಒತ್ತಿ ಕೂತಿದ್ದರು.

ಅಳಿವೆಬಾಗಿಲಲ್ಲಿ ಹೆರಿಯ ಇಂಜಿನ್ ಆರಿಸಿ, ಹೆಸರು ಹೇಳಿ ಎಂದ. ಶಾಂತವೀರಮ್ಮ ಬಾಯಿ ತೆರೆದು ಹಾಗೇ ಮುಚ್ಚಿಕೊಂಡರು. ಮದುವೆಯಾದಂದಿನಿಂದ ಅವರು ಗಂಡನ ಹೆಸರು ಹೇಳಿದವರಲ್ಲ. ಊರೆಲ್ಲ ನಗುತ್ತ ಹೇಳಿದ ಆ ಹೆಸರು ಅವರ ಬಾಯಿಗೇ ಬಾರದು. ಹೆರಿಯ ಅವಸರ ಮಾಡಲಿಲ್ಲ. ದೋಣಿ ತೂಗುತ್ತಿತ್ತು.

"ಚನ್ನವೀರಪ್ಪ," ಎಂದರು ಕೊನೆಗೆ.

ಹೆರಿಯ ಅಂಗೈಗಳನ್ನು ಬಾಯಿಗೆ ಹಿಡಿದು ಕಡಲಿನ ಕಡೆ ತಿರುಗಿದ. "ಚನ್ನವೀರಣ್ಣಾ, ಹೊತ್ತಾಯ್ತ್, ಮನಿಗ್ ಬಾ."

ಮುಖ ಕಾಣದವನನ್ನು ಅಣ್ಣ ಎಂದ! ದುಡ್ಡು ಕೊಟ್ಟು ಹೋದವನು ಎಂದಿದ್ದ ಬಾಯಿ ಅದೇ. ದನಿ ನೀರಿನ ಮೇಲೆ ಬಹಳ ದೂರ ಹೋಯಿತು.

ಅಷ್ಟರಲ್ಲಿ ಸುಧೀರ ಅಂಗಿ ತೆಗೆದು ನೀರಿಗೆ ಹಾರಿದ. ಯಾರೂ ಅವನಿಗೆ ಹೇಳಿರಲಿಲ್ಲ. ನೀರು ಮುಚ್ಚಿಕೊಂಡು ಸುಮ್ಮನಾಯಿತು. ಹೆರಿಯ ಅಂಚಿಗೆ ಬಗ್ಗಿ ನೋಡತೊಡಗಿದ. ಸುಧೀರ ಮೇಲೆ ಬಂದಾಗ ಕಣ್ಣು ಕೆಂಪಾಗಿ, ಬಲಗೈ ಮುಷ್ಟಿ ಬಿಗಿದಿತ್ತು. ಏದುಸಿರು ಬಿಡುತ್ತ ಆ ಮುಷ್ಟಿಯನ್ನು ಶಾಂತವೀರಮ್ಮನ ಅಂಗೈಯಲ್ಲಿ ತೆರೆದ. ಕಪ್ಪು ಕೆಸರು. ಅವರು ಅದನ್ನು ಹಣೆಗೆ ಮುಟ್ಟಿಸಿಕೊಂಡು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಬಿಟ್ಟರು. ಅರ್ಧ ಉಳಿದಾಗ ಕೈ ತಡೆದು, ಅದನ್ನು ಗುಲಾಬಿಯಕ್ಕನ ಅಂಗೈಗೆ ಹಾಕಿದರು.

"ನಿಮ್ಮವರ ಹೆಸರೇನ್ರಿ?" ಎಂದು ಕೇಳಿದರು.

ಗುಲಾಬಿಯಕ್ಕನ ಇನ್ನೊಂದು ಕೈ ನನ್ನ ಅಂಚನ್ನು ಹಿಡಿಯಿತು. ದೂಮ ಹಿಡಿಯುತ್ತಿದ್ದ ಅಂಚೇ ಅದು. ನನಗೆ ಬಾಯಿ ಇದ್ದಿದ್ದರೆ ನಾನೇ ಹೇಳಿಬಿಡುತ್ತಿದ್ದೆ.

"ದೂಮ," ಎಂದಳು ಅವಳು, ಎಷ್ಟು ಮೆಲ್ಲಗೆಂದರೆ ನನಗೂ ಕಷ್ಟದಲ್ಲಿ ಕೇಳಿಸಿತು.

ಹೆರಿಯನಿಗೂ ಕೇಳಿಸಿತ್ತು. ಅವನು ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ, ಎದ್ದು ನಿಂತು ಕೂಗಿದ. ಹೆಸರು ಅರ್ಧದಲ್ಲೇ ಒಡೆದುಹೋಯಿತು. ಮತ್ತೆ ಕೂಗಿದ. "ದೂಮಣ್ಣಾ, ಹೊತ್ತಾಯ್ತ್, ಮನಿಗ್ ಬಾ."

ಈಗ ನನಗೆ ವಯಸ್ಸಾಗಿದೆ. ಒಂದು ಕಾಲು ಗೆದ್ದಲಿಗೆ ಹೋಗಿ ಅಲ್ಲಿ ಕಲ್ಲು ಕೊಟ್ಟಿದ್ದಾರೆ. ಗಿರಾಕಿಗಳಿಗೆ ಪ್ಲಾಸ್ಟಿಕ್ ಕುರ್ಚಿಗಳು ಬಂದಿವೆ. ಒಲೆಗೆ ಹಾಕೋಣ ಎಂದವರಿಗೆ ಗುಲಾಬಿಯಕ್ಕ ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ನಾನಿರುವುದು ಹಿತ್ತಲಿನ ಗೋಡೆಯ ಬದಿ, ಕಡಲ ಸದ್ದು ಕೇಳುವಷ್ಟು ದೂರದಲ್ಲಿ. ಅಂದಿನ ಅರ್ಧ ಹಿಡಿ ಕೆಸರನ್ನು ಅವಳು ಮಣ್ಣಿನೊಂದಿಗೆ ಬೆರೆಸಿ ಒಂದು ಕುಂಡಕ್ಕೆ ಹಾಕಿ, ಅಬ್ಬಲಿಗೆ ಗಿಡ ನೆಟ್ಟು ನನ್ನ ಮೇಲಿಟ್ಟಿದ್ದಾಳೆ. ದಿನವೂ ನೀರು ಹಾಕುವಾಗ ಗಿಡವನ್ನು ದೂಮನ ಹೆಸರು ಹಿಡಿದೇ ಮಾತಾಡಿಸುತ್ತಾಳೆ. ದೂಮನ ಭಾರಕ್ಕೆ ಹೋಲಿಸಿದರೆ ಕುಂಡ ಏನೂ ಅಲ್ಲ. ಅದು ಮೆಲ್ಲಗೆ ಜಾರಿ ನನ್ನ ನಡುವಿಗೆ ಬಂದಿದೆ.